ಬಾವಲಿಯ ಹೆಸರು ಹೊತ್ತ ಹಗುರ ವಿಮಾನ

ಕಾಲೇಜಿನಲ್ಲಿ ಎನ್‌ಸಿಸಿಯ ವಾಯು ವಿಭಾಗಕ್ಕೆ ಸೇರಿದ ಮಗಳು ಒಂದು ಸಂಜೆ ಮನೆಗೆ ಬಂದು, ‘ನಾಳೆ ನಮ್ಮನ್ನು ವಿಮಾನದಲ್ಲಿ ಹಾರಿಸುತ್ತಾರಂತೆ’ ಎಂದರೆ ಅಮ್ಮನ ಎದೆ ಧಸಕ್ಕೆನ್ನುವುದು ಸಹಜ. ಅದು ಇಬ್ಬರೇ ಕೂರುವ ವಿಮಾನ. ಮುಂದೆ ಒಂದೇ ಒಂದು ಪ್ರೊಪೆಲರ್. ಎಂಜಿನ್ನಿನ ಶಕ್ತಿ 80 ಅಶ್ವಶಕ್ತಿ, ಅಂದರೆ ಒಂದು ಸಾಧಾರಣ ಕಾರಿನಷ್ಟು. ತೂಕವಂತೂ ಕಾರಿನಷ್ಟೂ ಇಲ್ಲ. ನಮ್ಮ ರಸ್ತೆಗಳಲ್ಲಿ ಓಡಾಡಿದ ಮಾರುತಿ 800ರ ಅರ್ಧಕ್ಕಿಂತಲೂ ಕಡಿಮೆ. ಖಾಲಿ ವಿಮಾನ ಸುಮಾರು 290 ಕಿಲೋ ಅಷ್ಟೇ. ಇಷ್ಟು ಸಾಲದೆಂಬಂತೆ ಕಾರ್ಖಾನೆಯವರು ಅದಕ್ಕಿಟ್ಟ ಹೆಸರು ‘ವೈರಸ್’! ನಮ್ಮ ದೇಶಕ್ಕೆ ಬಂದ ಮೇಲೆ ಅದು ‘ಗರುಡ್’ ಆಯಿತು. ಹೆಸರು ಬದಲಾದದ್ದು ಒಳ್ಳೆಯದೇ ಆಯಿತೆನ್ನಬೇಕು.

ಈ ವಿಮಾನ ಹುಟ್ಟಿದ್ದು ವಿಮಾನಗಳಿಗೆ ಹೆಸರಾದ ಅಮೆರಿಕದಲ್ಲೂ ಅಲ್ಲ, ಫ್ರಾನ್ಸಿನಲ್ಲೂ ಅಲ್ಲ. ಬೆಳಗಾವಿ ಮತ್ತು ಉತ್ತರ ಕನ್ನಡ ಜಿಲ್ಲೆಗಳೆರಡನ್ನು ಸೇರಿಸಿದರೆ ಅದಕ್ಕಿಂತ ದೊಡ್ಡದಾಗಿಬಿಡುವಷ್ಟು ಪುಟ್ಟ ದೇಶ ಸ್ಲೊವೇನಿಯಾದಲ್ಲಿ. ಇಡೀ ದೇಶದ ಜನಸಂಖ್ಯೆ ಇಪ್ಪತ್ತು ಲಕ್ಷದ ಆಸುಪಾಸು. ಆ ದೇಶದ ಪಶ್ಚಿಮದ ಅಂಚಿನಲ್ಲಿ, ಇಟಲಿಯ ಗಡಿಗೆ ಹತ್ತಿರದಲ್ಲಿ, ವಿಪಾವಾ ಎಂಬ ಕಣಿವೆ. ಕಣಿವೆಯಲ್ಲಿ ಅಯ್ಡೋವ್‌ಶ್ಚಿನಾ ಎಂಬ, ನಮ್ಮ ನಾಲಿಗೆಗೆ ಸುಲಭವಾಗಿ ಹೊರಳದ ಹೆಸರಿನ ಸಣ್ಣ ಊರು. ಪಿಪಿಸ್ಟ್ರೆಲ್ ಕಂಪನಿಯ ತವರು ಅದೇ.

ಆ ಊರಿಗೆ ಗಾಳಿಯೇ ಖ್ಯಾತಿ, ಗಾಳಿಯೇ ಕಾಟ. ಚಳಿಗಾಲದಲ್ಲಿ ಬೆಟ್ಟದ ಮೇಲಿನಿಂದ ಧುಮುಕುವ ‘ಬುರ್ಯಾ’ ಎಂಬ ಶೀತಗಾಳಿ ಕೆಲವೊಮ್ಮೆ ಗಂಟೆಗೆ 150 ಕಿಲೋಮೀಟರನ್ನೂ ಮೀರುತ್ತದೆ. ಆಗ ಹೆದ್ದಾರಿಯಲ್ಲಿ ಟಾರ್ಪಾಲು ಹೊದಿಸಿದ ಲಾರಿಗಳಿಗೆ ಪ್ರವೇಶವಿಲ್ಲ. ಹಳೆಯ ಮನೆಗಳ ಹೆಂಚು ಹಾರಿಹೋಗದಂತೆ ಮಾಡಿನ ಮೇಲೆ ಕಲ್ಲು ಹೇರುವುದು ಅಲ್ಲಿಯ ಪದ್ಧತಿ. ಕ್ರಿ.ಶ. 394ರಲ್ಲಿ ರೋಮನ್ ಸಾಮ್ರಾಟ ಥಿಯೊಡೋಸಿಯಸ್ ಇದೇ ಕಣಿವೆಯಲ್ಲಿ ಯುದ್ಧ ಗೆದ್ದಾಗ, ಶತ್ರುಗಳ ಬಾಣಗಳನ್ನು ಅವರ ಮೇಲೆಯೇ ತಿರುಗಿಸಿದ್ದು ಈ ಗಾಳಿಯೇ ಎಂದು ಹಳೆಯ ಚರಿತ್ರೆಕಾರರು ಬರೆದಿಟ್ಟಿದ್ದಾರೆ. ಗಾಳಿಯ ಜತೆ ಏಗುತ್ತಲೇ ಬೆಳೆಯುವ ಊರಿನ ಮಕ್ಕಳಿಗೆ ಹಾರುವ ಹುಚ್ಚು ಹಿಡಿದರೆ ಆಶ್ಚರ್ಯವೇನು?

ಈ ಹುಚ್ಚು ಆ ಸೀಮೆಗೆ ಹೊಸದೂ ಅಲ್ಲ. ಅಲ್ಲಿಗೆ ಹತ್ತಿರದ ಗೊರಿಜಿಯಾ ಪಟ್ಟಣದಲ್ಲಿ ಎಡ್ವರ್ಡ್ ರುಸಿಯಾನ್ ಎಂಬ ಯುವಕ ಅಣ್ಣತಮ್ಮಂದಿರ ನೆರವಿನಿಂದ ಮನೆಯಲ್ಲೇ ಕಟ್ಟಿದ ‘ಎಡಾ’ ಎಂಬ ವಿಮಾನ 1909ರ ನವೆಂಬರ್ 25ರಂದು ನೆಲ ಬಿಟ್ಟಿತು. ಎತ್ತರ ಎರಡು ಮೀಟರ್, ದೂರ ಅರವತ್ತು ಮೀಟರ್. ಕೆಲವೇ ದಿನಗಳಲ್ಲಿ ಆತ ಐನೂರು ಮೀಟರ್ ಹಾರಿದ. 1911ರ ಜನವರಿಯಲ್ಲಿ ಬೆಲ್‌ಗ್ರೇಡ್ ನಗರದ ಮೇಲೆ ಹಾರುತ್ತಿದ್ದಾಗ ಬಲವಾದ ಗಾಳಿ ರೆಕ್ಕೆ ಮುರಿಯಿತು. ಆಗ ರುಸಿಯಾನ್‌ಗೆ ಇನ್ನೂ 24 ವರ್ಷ.

ಕತ್ತಲಲ್ಲಿ ಕಲಿತ ಹಾರಾಟ

1980ರ ದಶಕ. ಸ್ಲೊವೇನಿಯಾ ಆಗ ಪ್ರತ್ಯೇಕ ದೇಶವಲ್ಲ, ಯುಗೊಸ್ಲಾವಿಯಾದ ಒಂದು ಭಾಗ. ಸಮಾಜವಾದಿ ವ್ಯವಸ್ಥೆ. ವಿಮಾನವೆಂದರೆ ಸೈನ್ಯದ್ದು, ಇಲ್ಲವೇ ಸರಕಾರಿ ಮನ್ನಣೆಯ ಕ್ಲಬ್ಬಿನದು. ಯಾರೋ ಒಬ್ಬ ತನ್ನ ಮನೆಯ ಹಿತ್ತಲಲ್ಲಿ ವಿಮಾನ ಕಟ್ಟಿಕೊಂಡು ಹಾರುತ್ತೇನೆಂದರೆ ಅದಕ್ಕೊಂದು ಕಾನೂನೇ ಇರಲಿಲ್ಲ. ಕಾನೂನಿಲ್ಲದ್ದಕ್ಕೆ ಅನುಮತಿಯೂ ಇಲ್ಲ.

ಇವೊ ಬೊಸ್ಕರೊಲ್ ಅಂಥ ‘ಯಾರೋ ಒಬ್ಬ’. 1956ರಲ್ಲಿ ಹುಟ್ಟಿದ ಈತ ವಿಮಾನ ಎಂಜಿನಿಯರ್ ಅಲ್ಲ. ಛಾಯಾಗ್ರಾಹಕ, ಮುದ್ರಣದ ವ್ಯವಹಾರವನ್ನೂ ನಡೆಸುತ್ತಿದ್ದವರು. ಹ್ಯಾಂಗ್ ಗ್ಲೈಡರಿನ ತ್ರಿಕೋನಾಕಾರದ ಬಟ್ಟೆಯ ರೆಕ್ಕೆಗೆ ಮೂರು ಗಾಲಿಯ ಸಣ್ಣ ತೊಟ್ಟಿಲು ತೂಗಿಬಿಟ್ಟು, ಬೆನ್ನ ಹಿಂದೆ ಪುಟ್ಟ ಎಂಜಿನ್ ಕಟ್ಟಿದರೆ ಅದೇ ವಿಮಾನ. ಇದಕ್ಕೆ ‘ಟ್ರೈಕ್’ ಎನ್ನುತ್ತಾರೆ. ಬೊಸ್ಕರೊಲ್ ಮತ್ತು ಗೆಳೆಯರು ಇಂಥ ಟ್ರೈಕ್‌ಗಳನ್ನು ಕಟ್ಟತೊಡಗಿದರು.

ಕಟ್ಟಿದ್ದಾಯಿತು, ಹಾರಿಸುವುದು ಎಲ್ಲಿ? ಊರಿನ ಹುಲ್ಲು ಬಯಲಿನ ವಿಮಾನ ನಿಲ್ದಾಣದಲ್ಲಿ ಹಗಲೆಲ್ಲ ಅಧಿಕೃತ ಹಾರಾಟ. ಅದು ಮುಗಿದು, ಕಾಯುವವರು ಮನೆಗೆ ಹೋದ ಮೇಲೆ, ಮುಸ್ಸಂಜೆಯ ಮಬ್ಬಿನಲ್ಲಿ ಇವರ ಸರದಿ. ಆಕಾಶದಲ್ಲಿ ಕಪ್ಪು ತ್ರಿಕೋನಗಳು ಸುತ್ತುವುದನ್ನು ನೋಡಿದ ಊರವರು ‘ಬಾವಲಿಗಳು ಬಂದವು’ ಎನ್ನತೊಡಗಿದರು. ಬಾವಲಿಗಳ ಒಂದು ಕುಲಕ್ಕೆ ಪ್ರಾಣಿಶಾಸ್ತ್ರದಲ್ಲಿ ‘ಪಿಪಿಸ್ಟ್ರೆಲಸ್’ ಎಂದು ಹೆಸರು. ಪಕ್ಕದ ಇಟಲಿಯಲ್ಲಿ ಬಾವಲಿಯೆಂದರೆ ‘ಪಿಪಿಸ್ಟ್ರೆಲ್ಲೊ’. 1989ರಲ್ಲಿ ಕಂಪನಿಯನ್ನು ಅಧಿಕೃತವಾಗಿ ನೋಂದಾಯಿಸುವ ಹೊತ್ತಿಗೆ ಹೆಸರು ಹುಡುಕುವ ತೊಂದರೆಯೇ ಬರಲಿಲ್ಲ. ಯುಗೊಸ್ಲಾವಿಯಾದ ಮೊದಲ ಖಾಸಗಿ ವಿಮಾನ ತಯಾರಕ ಸಂಸ್ಥೆ ಎಂಬ ಹೆಗ್ಗಳಿಕೆ ಅದರದು.

ಎರಡು ವರ್ಷ ಕಳೆಯುವುದರೊಳಗೆ ಯುಗೊಸ್ಲಾವಿಯಾ ಒಡೆಯಿತು. 1991ರ ಜೂನ್ 25ರಂದು ಸ್ಲೊವೇನಿಯಾ ಸ್ವಾತಂತ್ರ್ಯ ಘೋಷಿಸಿತು. ಹತ್ತು ದಿನ ಗುಂಡಿನ ಸದ್ದು. ದೇಶ ಹೊಸದು, ಹಣ ಹೊಸದು, ಮಾರುಕಟ್ಟೆ ಪುಟ್ಟದು. ಇಂಥ ಹೊತ್ತಿನಲ್ಲಿ ಹವ್ಯಾಸದ ವಿಮಾನ ಮಾರುತ್ತೇನೆಂದು ಹೊರಡುವುದು ಜಾಣತನವೆಂದು ಯಾರೂ ಹೇಳುತ್ತಿರಲಿಲ್ಲ. ‘ಸ್ಪೈಡರ್’, ‘ಟ್ವಿಸ್ಟರ್’ ಎಂಬ ಟ್ರೈಕ್‌ಗಳೇ ಆ ದಿನಗಳಲ್ಲಿ ಕಂಪನಿಯನ್ನು ಬದುಕಿಸಿದವು.

ಸೈನ್ ರೇಖೆಯಂತೆ

ಇಲ್ಲಿ ಒಂದಿಷ್ಟು ಲೆಕ್ಕ. ಯೂರೋಪಿನಲ್ಲಿ ಬಹುಕಾಲ ಇಬ್ಬರು ಕೂರುವ ‘ಮೈಕ್ರೊಲೈಟ್’ ಎನ್ನಿಸಿಕೊಳ್ಳಬೇಕಾದರೆ ಜನ, ಇಂಧನ ಎಲ್ಲ ಸೇರಿ ತೂಕ 450 ಕಿಲೋ ಮೀರುವಂತಿರಲಿಲ್ಲ. ಇಡೀ ವಿಮಾನವನ್ನೇ ಹೊತ್ತು ಇಳಿಸುವ ಪ್ಯಾರಾಚೂಟ್ ಅಳವಡಿಸಿದ್ದರೆ 472.5 ಕಿಲೋ ತನಕ ರಿಯಾಯಿತಿ. ತೂಕಕ್ಕೆ ಲಗಾಮು ಬಿದ್ದಾಗ ಎಂಜಿನ್ ದೊಡ್ಡದು ಮಾಡುವ ಹಾಗಿಲ್ಲ, ಟ್ಯಾಂಕು ದೊಡ್ಡದು ಮಾಡುವ ಹಾಗಿಲ್ಲ. ಉಳಿದ ದಾರಿ ಒಂದೇ: ಗಾಳಿಯನ್ನು ಕಡಿಮೆ ತಡೆಯುವ, ನುಣುಪಾದ, ಹಗುರವಾದ ಒಡಲು.

ಅನೇಕರು ಅಲ್ಯೂಮಿನಿಯಂ ಕೊಳವೆಗೆ ಬಟ್ಟೆ ಬಿಗಿಯುತ್ತಿದ್ದ ಕಾಲದಲ್ಲಿ ಪಿಪಿಸ್ಟ್ರೆಲ್ ಗಾಜಿನ ನಾರು, ಇಂಗಾಲದ ನಾರು, ಕೆವ್ಲಾರ್‌ಗಳನ್ನು ಅಂಟಿನಲ್ಲಿ ಅದ್ದಿ ಅಚ್ಚಿನಲ್ಲಿ ಎರಕ ಹೊಯ್ಯುವ ದಾರಿ ಹಿಡಿಯಿತು. 1995ರಲ್ಲಿ ಜರ್ಮನಿಯ ಫ್ರೀಡ್ರಿಕ್ಸ್‌ಹಾಫನ್ ವಿಮಾನ ಮೇಳದಲ್ಲಿ ಅದು ಪ್ರದರ್ಶಿಸಿದ ‘ಸಿನುಸ್’ ಬಂದವರ ಕಣ್ಣು ಸೆಳೆಯಿತು. ರೆಕ್ಕೆಗಳ ಉದ್ದ 15 ಮೀಟರ್. ಹೆಸರು ಗಣಿತದ ಸೈನ್ ರೇಖೆಯದು. ಮೇಲೇರಿ, ಎಂಜಿನ್ ನಿಲ್ಲಿಸಿ, ತೇಲಿ, ಮತ್ತೆ ಮೇಲೇರುವ ವಿಮಾನಕ್ಕೆ ಒಪ್ಪುವ ಹೆಸರು. ಎಂಜಿನ್ ನಿಂತ ಮೇಲೆ ಒಂದು ಕಿಲೋಮೀಟರ್ ಎತ್ತರದಿಂದ ಸಾಮಾನ್ಯ ತರಬೇತಿ ವಿಮಾನ ಒಂಬತ್ತು ಹತ್ತು ಕಿಲೋಮೀಟರ್ ತೇಲಿದರೆ ಹೆಚ್ಚು. ಸಿನುಸ್ 27 ಕಿಲೋಮೀಟರ್ ಸುಮಾರಿಗೆ ತೇಲಬಲ್ಲದು. ಮುಂದೆ ಬಂದ ‘ಟೌರುಸ್’ ಗ್ಲೈಡರ್ ಸುಮಾರು 40 ಕಿಲೋಮೀಟರ್. ಎಂಜಿನ್ ಕೆಟ್ಟರೆ ಗತಿಯೇನು ಎಂದು ಚಿಂತಿಸುವ ತಂದೆತಾಯಂದಿರು ನೋಡಬೇಕಾದ ಅಂಕಿ ಇದು. ಎಂಜಿನ್ ಕೆಟ್ಟೊಡನೆ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ಎಷ್ಟು ದೂರದ ಬಯಲನ್ನು ಆರಿಸಿಕೊಳ್ಳಬಹುದು ಎಂಬುದಷ್ಟೇ ಪ್ರಶ್ನೆ.

ಸಿನುಸ್‌ನ ರೆಕ್ಕೆ ಕತ್ತರಿಸಿ ವೇಗ ಹೆಚ್ಚಿಸಿದ್ದೇ ‘ವೈರಸ್’. ಅದರ ರೆಕ್ಕೆಯನ್ನು ಇನ್ನೂ ಮೊಟಕುಮಾಡಿ 10.7 ಮೀಟರಿಗೆ ಇಳಿಸಿದ ಮಾದರಿಯೇ ‘ವೈರಸ್ ಎಸ್‌ಡಬ್ಲ್ಯೂ’. ಎಸ್‌ಡಬ್ಲ್ಯೂ ಎಂದರೆ ‘ಶಾರ್ಟ್ ವಿಂಗ್’. ನಮ್ಮ ಗರುಡ್ ಇದೇ ವಂಶದ್ದು.

ಇಷ್ಟು ಹಗುರ ವಿಮಾನ ಎಷ್ಟು ದೂರ ಹೋದೀತು? ಸ್ಲೊವೇನಿಯಾದವರೇ ಆದ ಮತೇವ್ಝ್ ಲೆನಾರ್ಚಿಚ್ ಇದಕ್ಕೆ ಉತ್ತರ ಹೇಳಿದರು. ಜೀವಶಾಸ್ತ್ರ ಓದಿದವರು, ಪರ್ವತಾರೋಹಿ, ಛಾಯಾಗ್ರಾಹಕ. 2004ರಲ್ಲಿ ಸಿನುಸ್‌ನಲ್ಲಿ ಒಬ್ಬರೇ ಕುಳಿತು ಭೂಮಿಯನ್ನು ಸುತ್ತಿದರು. 2012ರಲ್ಲಿ ವೈರಸ್ ಎಸ್‌ಡಬ್ಲ್ಯೂ ಏರಿ ಮತ್ತೊಮ್ಮೆ ಹೊರಟರು. ಜನವರಿಯಲ್ಲಿ ಹೊರಟು ಏಪ್ರಿಲ್‌ನಲ್ಲಿ ಮರಳುವುದರೊಳಗೆ ಏಳೂ ಖಂಡಗಳು, ಅಂಟಾರ್ಕ್ಟಿಕದ ಹಿಮ, ಎವರೆಸ್ಟ್ ಶಿಖರದ ನೆರೆ, ಎಲ್ಲವನ್ನೂ ಕಂಡಾಗಿತ್ತು. ದಾರಿಯುದ್ದಕ್ಕೂ ವಾತಾವರಣದಲ್ಲಿ ಮಸಿಯ ಕಣ ಎಷ್ಟಿದೆ ಎಂದು ಅಳೆಯುವ ಉಪಕರಣವೂ ಜತೆಗಿತ್ತು. ಸಾಗರದ ಮೇಲೆ ಒಂದೇ ಎಂಜಿನ್ ನಂಬಿಕೊಂಡು ಒಬ್ಬಂಟಿಯಾಗಿ ಹೋಗುವುದನ್ನು ಸಾಹಸ ಎನ್ನಬೇಕೋ ಹುಂಬತನ ಎನ್ನಬೇಕೋ, ಓದುಗರೇ ನಿರ್ಧರಿಸಲಿ.

ನಾಸಾದ ಬಹುಮಾನ

ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ರಾಕೆಟ್ಟುಗಳಿಗೆ ಮಾತ್ರ ಮೀಸಲಲ್ಲ. ಸಣ್ಣ ವಿಮಾನಗಳು ಕಡಿಮೆ ಇಂಧನ, ಕಡಿಮೆ ಸದ್ದಿನಲ್ಲಿ ಹಾರಬೇಕೆಂದು ಅದು ಬಹುಮಾನಗಳನ್ನಿಟ್ಟು ಸ್ಪರ್ಧೆ ನಡೆಸಿತು. 2007ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಸ್ಪರ್ಧೆಯ ಮುಖ್ಯ ಬಹುಮಾನ ವೈರಸ್‌ಗೆ ಬಂತು. 2008ರಲ್ಲಿ ಮತ್ತೆ ಪಿಪಿಸ್ಟ್ರೆಲ್ ವಿಮಾನವೇ ಮುಂದೆ.

ನಿಜವಾದ ಪರೀಕ್ಷೆ 2011ರದು. ಷರತ್ತು ಕಠಿಣ: 200 ಮೈಲಿ, ಅಂದರೆ 322 ಕಿಲೋಮೀಟರ್ ದೂರವನ್ನು ಎರಡು ಗಂಟೆಯೊಳಗೆ ಕ್ರಮಿಸಬೇಕು. ಒಬ್ಬ ಪ್ರಯಾಣಿಕನಿಗೆ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ಪೆಟ್ರೋಲಿಗೆ ಸಮನಾದ ಶಕ್ತಿಗಿಂತ ಹೆಚ್ಚು ಖರ್ಚಾಗಬಾರದು. ಅಂದಿನ ಮಾಮೂಲಿ ವಿಮಾನಗಳಿಗೆ ಇದು ಆಗದ ಮಾತು.

ಪಿಪಿಸ್ಟ್ರೆಲ್ ಆ ಹೊತ್ತಿಗಾಗಲೇ ವಿದ್ಯುತ್ತಿನ ಬೆನ್ನು ಹತ್ತಿತ್ತು. 2007ರಲ್ಲೇ ಟೌರುಸ್ ಗ್ಲೈಡರಿಗೆ ವಿದ್ಯುತ್ ಮೋಟಾರು ಕೂರಿಸಿ ಇಬ್ಬರು ಕೂರುವ ವಿದ್ಯುತ್ ವಿಮಾನವನ್ನು ಹಾರಿಸಿದ್ದರು. ಕಾರ್ಖಾನೆಯ ಮಾಡಿನ ಮೇಲೆ ಸೌರಫಲಕ. ಗ್ಲೈಡರನ್ನು ಸಾಗಿಸುವ ಟ್ರೇಲರಿನ ಮೇಲೂ ಸೌರಫಲಕ ಜೋಡಿಸಿ, ಬಿಸಿಲಿನಲ್ಲಿ ನಿಲ್ಲಿಸಿದರೆ ಒಳಗಿನ ವಿಮಾನ ತಾನೇ ಚಾರ್ಜ್ ಆಗುವ ಏರ್ಪಾಡು ಬೇರೆ! ಈಗ ಸ್ಪರ್ಧೆಗೆಂದು ಅವರು ಮಾಡಿದ್ದು ನೋಡಲು ವಿಚಿತ್ರ. ಎರಡು ಟೌರುಸ್ ಒಡಲುಗಳನ್ನು ಜೋಡೆತ್ತಿನಂತೆ ಅಕ್ಕಪಕ್ಕ ನಿಲ್ಲಿಸಿ, ನಡುವೆ ನೊಗದಂತೆ ರೆಕ್ಕೆ ಕೂಡಿಸಿ, ನೊಗದ ನಡುವೆ 145 ಕಿಲೋವಾಟ್ ಮೋಟಾರು ಇಟ್ಟರು. ನಾಲ್ಕು ಸೀಟು. ಹೆಸರು ‘ಟೌರುಸ್ ಜಿ4’. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಜ್ಯಾಕ್ ಲಾಂಗೆಲಾನ್ ತಂಡದ ನಾಯಕ. ವಿನ್ಯಾಸದ ಮೇಜಿನ ಮುಂದೆ ಕುಳಿತವರಲ್ಲಿ ಸ್ಲೊವೇನಿಯಾದ ಯುವ ಎಂಜಿನಿಯರ್ ಟೀನೆ ತೊಮಾಝಿಚ್ ಪ್ರಮುಖರು.

ಫಲಿತಾಂಶ: ಒಂದು ಲೀಟರ್ ಪೆಟ್ರೋಲಿನ ಶಕ್ತಿಯಲ್ಲಿ ಒಬ್ಬ ಪ್ರಯಾಣಿಕನನ್ನು ಸುಮಾರು 171 ಕಿಲೋಮೀಟರ್ ಒಯ್ದ ಲೆಕ್ಕ. ವೇಗ ಗಂಟೆಗೆ 170 ಕಿಲೋಮೀಟರ್ ಮೀರಿತ್ತು. ಮೋಟಾರು ಸೈಕಲ್ಲಿನಲ್ಲಿ ಹೋದರೂ ಇಷ್ಟು ಉಳಿತಾಯವಾಗದು. ಬಹುಮಾನ 13.5 ಲಕ್ಷ ಡಾಲರ್. ಎರಡನೆಯ ಸ್ಥಾನ ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದ ‘ಇ-ಜೀನಿಯಸ್’ ಪಾಲಾಯಿತು. ಅದೂ ವಿದ್ಯುತ್ ವಿಮಾನವೇ. ಜಿ4 ಮಾದರಿಯ ಇದೇ ಜೋಡಿ ಒಡಲನ್ನು ಜರ್ಮನರು ಮುಂದೆ ಹೈಡ್ರೋಜನ್ ಇಂಧನಕೋಶಕ್ಕೆ ಹೊಂದಿಸಿ, ‘ಎಚ್‌ವೈ4’ ಎಂಬ ಹೆಸರಿನಲ್ಲಿ 2016ರ ಸೆಪ್ಟೆಂಬರಿನಲ್ಲಿ ಸ್ಟುಟ್‌ಗಾರ್ಟಿನಿಂದ ಹಾರಿಸಿದರು.

ಎಲ್ಲವೂ ಗೆಲುವಿನ ಕಥೆಯಲ್ಲ. 1909ರಲ್ಲಿ ಬ್ಲೇರಿಯೊ ಮೊದಲ ಬಾರಿಗೆ ವಿಮಾನದಲ್ಲಿ ದಾಟಿದ ಇಂಗ್ಲಿಷ್ ಕಾಲುವೆಯನ್ನು 2015ರ ಜುಲೈನಲ್ಲಿ ತಮ್ಮ ಎರಡು ಸೀಟಿನ ವಿದ್ಯುತ್ ವಿಮಾನದಲ್ಲಿ ದಾಟಬೇಕೆಂದು ಪಿಪಿಸ್ಟ್ರೆಲ್ ಸಿದ್ಧವಾಗಿತ್ತು. ಅದಕ್ಕೆ ಮೋಟಾರು ಒದಗಿಸಿದ್ದು ಸೀಮೆನ್ಸ್. ನೀರಿನ ಮೇಲಿನ ಹಾರಾಟಕ್ಕೆ ಈ ಮೋಟಾರು ಬಳಸುವಂತಿಲ್ಲ ಎಂದು ಆ ಕಂಪನಿ ತಡೆದದ್ದರಿಂದ ಪ್ರಯತ್ನ ರದ್ದಾಯಿತು. ಜುಲೈ 10ರಂದು ಏರ್‌ಬಸ್ ಸಂಸ್ಥೆಯ ‘ಇ-ಫ್ಯಾನ್’ ಕಾಲುವೆ ದಾಟಿತು. ತಮಾಷೆಯೆಂದರೆ ಅದಕ್ಕೂ ಹಿಂದಿನ ಸಂಜೆಯೇ ಫ್ರೆಂಚ್ ಪೈಲಟ್ ಯೂಗ್ ದ್ಯುವಾಲ್ ಒಬ್ಬರೇ ಕೂರುವ ‘ಕ್ರಿಕ್ರಿ’ ಎಂಬ ಗುಬ್ಬಿಯಂಥ ವಿದ್ಯುತ್ ವಿಮಾನದಲ್ಲಿ ಸದ್ದಿಲ್ಲದೆ ದಾಟಿಯಾಗಿತ್ತು.

ಗರುಡ್ ಆದ ವೈರಸ್

ಅದೇ 2015ರಲ್ಲಿ ಪಿಪಿಸ್ಟ್ರೆಲ್‌ಗೆ ಭಾರತದಿಂದ ದೊಡ್ಡ ಬೇಡಿಕೆ ಬಂತು. ರಕ್ಷಣಾ ಸಚಿವಾಲಯ 194 ವೈರಸ್ ಎಸ್‌ಡಬ್ಲ್ಯೂ 80 ವಿಮಾನಗಳಿಗೆ ಒಪ್ಪಂದ ಮಾಡಿಕೊಂಡಿತು. ವಾಯುಪಡೆಗೆ 72, ನೌಕಾಪಡೆಗೆ 12, ಉಳಿದ 110 ಎನ್‌ಸಿಸಿಗೆ. ಅಯ್ಡೋವ್‌ಶ್ಚಿನಾದಂಥ ಊರಿಗೆ ಇದು ವರ್ಷಗಟ್ಟಲೆಯ ಕೆಲಸ.

ಬೆಂಗಳೂರಿನವರಿಗೆ ಇಲ್ಲೊಂದು ಮಾತು ನೆನಪಾಗಬೇಕು. ಜೋಯೆಲ್ ಕೋಕ್ಲಾನ್ ಎಂಬ ಫ್ರೆಂಚ್ ಪ್ರಜೆ ಬೆಂಗಳೂರಿನಲ್ಲಿ ಆರಂಭಿಸಿದ ‘ರಾಜಹಂಸ ಅಲ್ಟ್ರಾಲೈಟ್ಸ್’ ಸಂಸ್ಥೆ ‘ಎಕ್ಸ್-ಏರ್’ ಎಂಬ ಮೈಕ್ರೊಲೈಟನ್ನು ತಯಾರಿಸಿ ಯೂರೋಪಿಗೂ ಅಮೆರಿಕಕ್ಕೂ ಕಳುಹಿಸುತ್ತಿತ್ತು. ಹಗುರ ವಿಮಾನ ಕಟ್ಟುವ ವಿದ್ಯೆ ನಮ್ಮ ನೆಲಕ್ಕೆ ಅಪರಿಚಿತವೇನಲ್ಲ ಎಂದಾಯಿತು.

ಗರುಡ್ ಬಂದ ಮೇಲೆ ಎನ್‌ಸಿಸಿಯ ವಾಯು ವಿಭಾಗದ ಕಾಲೇಜು ಕೆಡೆಟ್‌ಗಳು ವಾಯುಪಡೆಯ ಬೋಧಕರ ಪಕ್ಕದಲ್ಲಿ ಕುಳಿತು ಹಾರಾಟದ ಅನುಭವ ಪಡೆಯತೊಡಗಿದರು. ಕೇರಳದ ಇಡುಕ್ಕಿ ಜಿಲ್ಲೆಯ ಸತ್ರಂ ಎಂಬಲ್ಲಿ ಬೆಟ್ಟಗಳ ನಡುವೆ ಎನ್‌ಸಿಸಿಗಾಗಿಯೇ ರನ್‌ವೇ ಮಾಡಿದರು. ಮೊದಲ ಪ್ರಯತ್ನಗಳಲ್ಲಿ ಎದುರಿನ ದಿಣ್ಣೆ ಅಡ್ಡವಾಗಿ ವಿಮಾನ ಇಳಿಯಲಾಗದೆ ಹಿಂದಿರುಗಿತು. 2022ರ ಡಿಸೆಂಬರಿನಲ್ಲಿ ವೈರಸ್ ಎಸ್‌ಡಬ್ಲ್ಯೂ 80 ಅಲ್ಲಿ ಇಳಿಯಿತು.

ಹೆತ್ತವರಿಂದ ಮುಚ್ಚಿಡಬಾರದ ಸಂಗತಿಯೂ ಇದೆ. 2020ರ ಫೆಬ್ರವರಿ 24ರಂದು ಪಂಜಾಬಿನ ಪಟಿಯಾಲದಲ್ಲಿ ಎನ್‌ಸಿಸಿಯ ಇಂಥದೇ ವಿಮಾನ ಬಿದ್ದು, ಬೋಧಕರಾಗಿದ್ದ ಗ್ರೂಪ್ ಕ್ಯಾಪ್ಟನ್ ದರ್ಜೆಯ ಅಧಿಕಾರಿ ತೀರಿಕೊಂಡರು. ಜತೆಗಿದ್ದ ಕೆಡೆಟ್ ಗಾಯಗೊಂಡರು. ರಾಕೆಟ್ ಬಲದಿಂದ ಚಿಮ್ಮಿ ಇಡೀ ವಿಮಾನವನ್ನು ಇಳಿಸುವ ಪ್ಯಾರಾಚೂಟ್ ಒಳ್ಳೆಯ ರಕ್ಷಣೆ ನಿಜ. ಆದರೆ ಅದು ಅರಳಲು ಸಾಕಷ್ಟು ಎತ್ತರ ಬೇಕು. ನೆಲ ಬಿಟ್ಟ ಮೊದಲ ಕ್ಷಣಗಳಲ್ಲಿ ಮತ್ತು ನೆಲ ಮುಟ್ಟುವ ಕೊನೆಯ ಕ್ಷಣಗಳಲ್ಲಿ ಕಾಯುವುದು ಬೋಧಕರ ಕೈಚಳಕ, ಯಂತ್ರದ ಆರೋಗ್ಯ, ಕೆಡೆಟ್‌ಗಳ ಶಿಸ್ತು. ಮಗಳನ್ನು ಕಳುಹಿಸುವ ಮುನ್ನ ತಂದೆತಾಯಿ ಈ ಮೂರರ ಬಗ್ಗೆ ಪ್ರಶ್ನೆ ಕೇಳಿದರೆ ತಪ್ಪಿಲ್ಲ.

ಪ್ಲಗ್ಗಿಗೆ ಸಿಕ್ಕಿಸುವ ವಿಮಾನ

ವಿದ್ಯುತ್ ವಿಮಾನ ಎಂದೊಡನೆ ವಿಜ್ಞಾನ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಬ್ಯಾಟರಿಯದು. ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12 ಕಿಲೋವಾಟ್-ಗಂಟೆಯಷ್ಟು ಶಕ್ತಿಯಿದ್ದರೆ, ಒಂದು ಕಿಲೋ ಬ್ಯಾಟರಿಯಲ್ಲಿ ಅದರ ಐವತ್ತನೆಯ ಒಂದು ಭಾಗವೂ ಕಷ್ಟ. ಆದರೆ ಪೆಟ್ರೋಲ್ ಎಂಜಿನ್ ತನಗೆ ಸಿಕ್ಕ ಶಕ್ತಿಯ ಮುಕ್ಕಾಲು ಪಾಲನ್ನು ಬಿಸಿಯಾಗಿ ಚೆಲ್ಲುತ್ತದೆ. ಮೋಟಾರು ಹತ್ತರಲ್ಲಿ ಒಂಬತ್ತು ಪಾಲನ್ನು ಕೆಲಸಕ್ಕೆ ಹಚ್ಚುತ್ತದೆ. ಅಷ್ಟಾದರೂ ಬ್ಯಾಟರಿಯೇ ಸೋಲುತ್ತದೆ. ದೂರದ ಪ್ರಯಾಣ ಅದರಿಂದಾಗದು.

ಪಿಪಿಸ್ಟ್ರೆಲ್‌ನ ಜಾಣತನವಿರುವುದು ಇಲ್ಲಿ. ದೂರ ಹೋಗಬೇಕಿಲ್ಲದ ವಿಮಾನ ಯಾವುದು ಎಂದು ಅವರು ಯೋಚಿಸಿದರು. ಹಾರಾಟ ಕಲಿಯುವವರು ಮೊದಮೊದಲು ಮಾಡುವುದೇನು? ಏರುವುದು, ನಿಲ್ದಾಣಕ್ಕೊಂದು ಸುತ್ತು ಹಾಕುವುದು, ಇಳಿಯುವುದು, ಮತ್ತೆ ಅದನ್ನೇ. ಮುಕ್ಕಾಲು ಗಂಟೆಯ ಪಾಠ. ಅದಕ್ಕೆ ಬ್ಯಾಟರಿ ಸಾಕು. ಹೀಗೆ ಹುಟ್ಟಿದ್ದು ‘ಆಲ್ಫಾ ಇಲೆಕ್ಟ್ರೊ’. ಇಳಿಯುವಾಗ ಎದುರುಗಾಳಿಗೆ ತಿರುಗುವ ಪ್ರೊಪೆಲರ್ ಡೈನಮೊದಂತೆ ಒಂದಿಷ್ಟು ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುವ ವ್ಯವಸ್ಥೆಯೂ ಅದರಲ್ಲಿತ್ತು.

2019ರ ಆಗಸ್ಟ್‌ನಲ್ಲಿ ನಾರ್ವೆ ದೇಶದ ವಿಮಾನ ನಿಲ್ದಾಣಗಳ ಸಂಸ್ಥೆ ಅವಿನೋರ್‌ಗೆ ಸೇರಿದ ಆಲ್ಫಾ ಇಲೆಕ್ಟ್ರೊ ಹಾರಾಟದ ನಡುವೆ ಶಕ್ತಿ ಕಳೆದುಕೊಂಡು ಸರೋವರವೊಂದರಲ್ಲಿ ಇಳಿಯಿತು. ಒಳಗಿದ್ದವರು ಸಂಸ್ಥೆಯ ಮುಖ್ಯಸ್ಥರೇ, ಜತೆಗೆ ಸರಕಾರದ ಉಪಸಚಿವೆ. ಪತ್ರಿಕೆಗಳಿಗೆ ಹಬ್ಬ. ಇಬ್ಬರಿಗೂ ಏನೂ ಆಗಲಿಲ್ಲವೆಂಬುದು ಸಮಾಧಾನ.

ಮರುವರ್ಷ, 2020ರ ಜೂನ್ 10ರಂದು, ಅದರ ಮುಂದಿನ ಮಾದರಿ ‘ವೆಲಿಸ್ ಇಲೆಕ್ಟ್ರೊ’ಗೆ ಯೂರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ ಪ್ರಮಾಣಪತ್ರ ನೀಡಿತು. ಪೂರ್ಣ ಪ್ರಮಾಣಪತ್ರ ಪಡೆದ ಜಗತ್ತಿನ ಮೊದಲ ವಿದ್ಯುತ್ ವಿಮಾನ ಅದು. ಒಂದು ಬ್ಯಾಟರಿ ಮೂತಿಯಲ್ಲಿ, ಇನ್ನೊಂದು ಸೀಟುಗಳ ಹಿಂದೆ. ಒಂದು ಕೈಕೊಟ್ಟರೆ ಇನ್ನೊಂದು. ಹಾರಾಟ ಸುಮಾರು 50 ನಿಮಿಷ, ಮೇಲೊಂದಿಷ್ಟು ಮೀಸಲು. 2021ರಲ್ಲಿ ಡೆನ್ಮಾರ್ಕಿನ ಸೇನೆ ಎರಡು ವೆಲಿಸ್‌ಗಳನ್ನು ಬಾಡಿಗೆಗೆ ಪಡೆಯಿತು.

2022ರ ಮಾರ್ಚ್‌ನಲ್ಲಿ ಬಂದ ಸುದ್ದಿ ಸ್ಲೊವೇನಿಯಾದಲ್ಲಿ ಹೆಮ್ಮೆಯನ್ನೂ ಕಳವಳವನ್ನೂ ಒಟ್ಟಿಗೇ ಹುಟ್ಟಿಸುವಂಥದು. ಸೆಸ್ನಾ, ಬೀಚ್‌ಕ್ರಾಫ್ಟ್ ವಿಮಾನಗಳ ಮತ್ತು ಬೆಲ್ ಹೆಲಿಕಾಪ್ಟರ್‌ಗಳ ಒಡೆತನದ ಅಮೆರಿಕದ ಟೆಕ್ಸ್‌ಟ್ರಾನ್ ಕಂಪನಿ ಸುಮಾರು 21.8 ಕೋಟಿ ಯೂರೊಗಳಿಗೆ ಪಿಪಿಸ್ಟ್ರೆಲ್ ಕೊಳ್ಳುವುದಾಗಿ ಪ್ರಕಟಿಸಿತು. ಏಪ್ರಿಲ್‌ನಲ್ಲಿ ವ್ಯವಹಾರ ಮುಗಿಯಿತು. ದಶಕಗಳ ಕಾಲ ಜಗತ್ತಿನ ತರಬೇತಿ ಶಾಲೆಗಳನ್ನು ಆಳಿದ ಸೆಸ್ನಾದ ಮನೆಯವರೇ ಬಂದು, ಮುಸ್ಸಂಜೆಯಲ್ಲಿ ಕದ್ದು ಹಾರಿದವನ ಕಾರ್ಖಾನೆಯನ್ನು ಕೊಂಡರು. ಬೊಸ್ಕರೊಲ್ ಸಣ್ಣ ಪಾಲೊಂದನ್ನು ತಮ್ಮಲ್ಲಿ ಉಳಿಸಿಕೊಂಡು ಹೊಣೆಯಿಂದ ಹಿಂದೆ ಸರಿದರು. ಪ್ರಮಾಣಪತ್ರ, ಪರೀಕ್ಷೆ, ಹೊಸ ಮಾದರಿ ಎಂದು ಖರ್ಚು ಬೆಳೆಯುತ್ತಲೇ ಇರುವ ಈ ಉದ್ಯಮದಲ್ಲಿ ಒಂದು ಮನೆತನದ ಹಣ ಎಷ್ಟು ದೂರ ಬಂದೀತು ಎಂಬುದನ್ನು ನೆನೆದರೆ ಆ ತೀರ್ಮಾನ ಅರ್ಥವಾಗುತ್ತದೆ.

ಅಯ್ಡೋವ್‌ಶ್ಚಿನಾದ ಕಾರ್ಖಾನೆ ಮುಚ್ಚಲಿಲ್ಲ. ರುಸಿಯಾನ್ ಹಾರಿದ ಗೊರಿಜಿಯಾದಲ್ಲೂ ವಿಮಾನ ನಿಲ್ದಾಣದ ಪಕ್ಕ ಪಿಪಿಸ್ಟ್ರೆಲ್‌ನ ಇನ್ನೊಂದು ಕಾರ್ಖಾನೆ ಇದೆ. 2025ರ ಆರಂಭದಲ್ಲಿ ಕಂಪನಿಯ ಹೊಸ ವಿಮಾನ ‘ನುವಾ ವಿ300’ ನಿಂತಲ್ಲಿಂದಲೇ ನೇರವಾಗಿ ಮೇಲೆದ್ದು ಗಾಳಿಯಲ್ಲಿ ನಿಂತಿತು. ಸರಕು ಸಾಗಿಸುವ ವಿಮಾನವದು. ಅದರಲ್ಲಿ ಪೈಲಟ್ ಕೂರುವ ಸೀಟಿಲ್ಲ.